ಎರಡು ಕೆಂಪು, ಒಂದು ಕಿತ್ತಳೆ: ಹಳೆಯ ಕೇಬಲ್‌ಗಳ ಬಣ್ಣ ಓದುವ ಬಗೆ

ಪ್ರಶ್ನೆ: ಮನೆ ಬದಲಿಸುವಾಗ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಕೇಬಲ್‌ಗಳ ದೊಡ್ಡ ಗೋಜಲು ಸಿಕ್ಕಿತು. ಹಳದಿ-ಬಿಳಿ-ಕೆಂಪಿನದು ಗುರುತು ಸಿಗುತ್ತದೆ. ಆದರೆ ಇನ್ನೊಂದಕ್ಕೆ ಐದು ತುದಿ, ಅದರಲ್ಲಿ ಎರಡು ಕೆಂಪು. ಒಂದು ಒಂಟಿ ಕಿತ್ತಳೆ. ಒಂದಕ್ಕೆ ಈಚೆ ಇಯರ್‌ಫೋನ್‌ ಪಿನ್‌, ಆಚೆ ಮೂರು ಬಣ್ಣ. ಇನ್ನೊಂದು ಪೂರ್ತಿ ಕಪ್ಪು, ಗುಂಡು ತುದಿಯೊಳಗೆ ಸೂಜಿಗಳಿವೆ. ಮನೆಯಲ್ಲಿರುವ ವಿಡಿಯೊ ಕ್ಯಾಸೆಟ್‌ಗಳನ್ನು ಹೊಸ ಟಿವಿಯಲ್ಲಿ ಒಮ್ಮೆ ನೋಡುವ ಆಸೆ. ವಿಸಿಆರ್‌ ಇನ್ನೂ ಓಡುತ್ತದೆ, ಆದರೆ ಟಿವಿಯಲ್ಲಿ ಹಳದಿ ತೂತೇ ಇಲ್ಲ. ಯಾವುದು ಯಾವುದಕ್ಕೆ? ಯಾವುದನ್ನು ಇಟ್ಟುಕೊಳ್ಳಲಿ? ತಪ್ಪಾಗಿ ಚುಚ್ಚಿದರೆ ಟಿವಿ ಸುಟ್ಟುಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸೋಣ. ಆ ಹೆದರಿಕೆ ಇರುವವರೆಗೂ ಉಳಿದದ್ದು ತಲೆಗೆ ಹತ್ತುವುದಿಲ್ಲ. ನಡುವೆ ಒಂದು ಕಡ್ಡಿ, ಸುತ್ತ ಬಳೆಯಂಥ ಲೋಹದ ಪಟ್ಟಿ ಇರುವ ಬಣ್ಣದ ಪಿನ್‌ಗಳಲ್ಲಿ ಹರಿಯುವುದು ತೀರಾ ಸಣ್ಣ ವೋಲ್ಟೇಜು. ಚಿತ್ರದ ತಂತಿಯಲ್ಲಿ ಹೆಚ್ಚೆಂದರೆ ಸುಮಾರು 1 ವೋಲ್ಟ್‌, ಸದ್ದಿನ ತಂತಿಯಲ್ಲಿ ಒಂದೆರಡು ವೋಲ್ಟ್‌. ಹಳದಿಯನ್ನು ಕೆಂಪಿಗೆ, ಕೆಂಪನ್ನು ನೀಲಿಗೆ ಚುಚ್ಚಿದರೆ ಚಿತ್ರ ಕೆಡುತ್ತದೆ, ಸ್ಪೀಕರ್‌ ‘ಗೊರ್‌’ ಎನ್ನುತ್ತದೆ, ಅಷ್ಟೇ. ತೆಗೆದು ಸರಿಯಾದ ಕಡೆ ಹಾಕಿದರೆ ಎಲ್ಲ ಮೊದಲಿನಂತೆ.

ಎಚ್ಚರ ಬೇಕಾದದ್ದು ಮೂರು ಕಡೆ. ಕೆಲವು ಹಳೆಯ ಮ್ಯೂಸಿಕ್‌ ಸಿಸ್ಟಂ ಮತ್ತು ಹೋಂ ಥಿಯೇಟರ್‌ಗಳಲ್ಲಿ ಸ್ಪೀಕರ್‌ಗೆ ಹೋಗುವ ತೂತುಗಳನ್ನೂ ಇದೇ ಆಕಾರದಲ್ಲಿ ಮಾಡಿದ್ದರು. ಅಲ್ಲಿ ಬರುವುದು ಆಂಪ್ಲಿಫೈಯರ್‌ನ ಪೂರ್ತಿ ಬಲ. ಅದನ್ನು ಟಿವಿಯ ‘ಇನ್‌’ ತೂತಿಗೆ ಕೊಡಬಾರದು. ಡಿಶ್‌ ಆಂಟೆನಾದಿಂದ ಬರುವ, ತಿರುಪಿ ಕೂರಿಸುವ ಕೇಬಲ್‌ ಎರಡನೆಯದು. ಸೆಟ್‌ಟಾಪ್‌ ಬಾಕ್ಸು ಅದೇ ತಂತಿಯಲ್ಲಿ ಡಿಶ್ಶಿನ ತುದಿಯ ಸಾಧನಕ್ಕೆ 13 ಅಥವಾ 18 ವೋಲ್ಟ್‌ ಕರೆಂಟು ಕಳಿಸುತ್ತಿರುತ್ತದೆ. ಮೂರನೆಯದು ಅಡಾಪ್ಟರ್‌ನ ಗುಂಡು ಪಿನ್‌. ಅದು ಆಡಿಯೊ ಪಿನ್ನಿನಂತೆ ಕಂಡರೂ ನಡುವೆ ಕಡ್ಡಿಯ ಬದಲು ತೂತಿರುತ್ತದೆ. ಈ ಮೂರನ್ನು ಮೊದಲೇ ಪಕ್ಕಕ್ಕಿಟ್ಟರೆ ಉಳಿದದ್ದರಲ್ಲಿ ಎಷ್ಟು ತಪ್ಪಿದರೂ ನಷ್ಟವಿಲ್ಲ.

ಇನ್ನೊಂದು ರೂಢಿ ಮಾಡಿಕೊಳ್ಳಿ. ಚುಚ್ಚುವ ಮೊದಲು ಯಂತ್ರಗಳನ್ನು ಆಫ್‌ ಮಾಡಿ, ಆಗದಿದ್ದರೆ ವಾಲ್ಯೂಮಾದರೂ ಇಳಿಸಿ. ಈ ಪಿನ್ನಿನ ವಿನ್ಯಾಸದಲ್ಲೇ ಒಂದು ಊನವಿದೆ: ಒಳಗೆ ಹೋಗುವಾಗ ನಡುವಿನ ಕಡ್ಡಿ ಮೊದಲು ತಗಲುತ್ತದೆ, ಗ್ರೌಂಡ್‌, ಅಂದರೆ ಕರೆಂಟು ಮರಳುವ ದಾರಿ, ಆಗಿರುವ ಹೊರಬಳೆ ಆಮೇಲೆ. ಆ ಅರೆಕ್ಷಣ ಸ್ಪೀಕರ್‌ ಕಿರುಚುವುದು ಅದಕ್ಕೇ. 1930ರ ದಶಕದಲ್ಲಿ ಅಮೆರಿಕದ ರೇಡಿಯೊ ಕಾರ್ಪೊರೇಷನ್‌ ಆಫ್‌ ಅಮೆರಿಕ, ಅಂದರೆ ಆರ್‌ಸಿಎ ಕಂಪನಿ, ಗ್ರಾಮಫೋನನ್ನು ರೇಡಿಯೊಗೆ ಜೋಡಿಸಲೆಂದು ಮಾಡಿದ ಅಗ್ಗದ ಪಿನ್‌ ಇದು. ಪೆಟ್ಟಿಗೆಯೊಳಗೆ ಒಮ್ಮೆ ಚುಚ್ಚಿ ಬಿಟ್ಟರೆ ಮತ್ತೆ ತೆಗೆಯುವ ಪ್ರಮೇಯವಿಲ್ಲ ಎಂದುಕೊಂಡಿದ್ದರು. ಅದೇ ಮುಂದೆ ಜಗತ್ತಿನ ಮನೆಮನೆಯ ಟಿವಿಯ ಹಿಂದೆ ಬಂದು ಕೂತಿತು. ಪುಸ್ತಕದಲ್ಲಿ ಇದರ ಹೆಸರು ಆರ್‌ಸಿಎ, ನಮ್ಮ ಬಾಯಲ್ಲಿ ‘ಎವಿ ಪಿನ್‌’.

ಈಗ ಬಣ್ಣಕ್ಕೆ ಬರೋಣ. ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ಆಕಾರವನ್ನು ಮೊದಲು ನೋಡಿ, ಬಣ್ಣವನ್ನು ಆಮೇಲೆ. ಬಣ್ಣವೊಂದನ್ನೇ ನಂಬಿದವರು ಎಡವುವುದನ್ನು ರಿಪೇರಿ ಮೇಜಿನ ಮುಂದೆ ಕೂತು ಎಷ್ಟೋ ಸಲ ನೋಡಿದ್ದೇನೆ. ಹಸಿರನ್ನೇ ತೆಗೆದುಕೊಳ್ಳಿ. ಎವಿ ಪಿನ್ನಿನ ಮೇಲೆ ನೀಲಿ, ಕೆಂಪಿನ ಜೊತೆಗಿದ್ದರೆ ಅದು ಚಿತ್ರದ ತಂತಿ. ಅದೇ ಹಸಿರು ಹೋಂ ಥಿಯೇಟರ್‌ನ ಹಿಂದೆ ಬೂದು, ನೇರಳೆ ಬಣ್ಣಗಳ ಜೊತೆಗಿದ್ದರೆ ನಡುವಿನ ಸ್ಪೀಕರಿನದು. ಕಂಪ್ಯೂಟರ್‌ ಹಿಂದಿನ ಇಯರ್‌ಫೋನ್‌ ಗಾತ್ರದ ತೂತಿನ ಸುತ್ತ ತಿಳಿಹಸಿರು ಇದ್ದರೆ ಸ್ಪೀಕರ್‌ ಚುಚ್ಚುವ ಜಾಗ. ಆರು ಸೂಜಿಯ ಗುಂಡು ಪ್ಲಗ್ಗಿನ ಮೇಲಿದ್ದರೆ ಹಳೆಯ ಕಂಪ್ಯೂಟರಿನ ಮೌಸು. ಒಂದೇ ಬಣ್ಣ, ನಾಲ್ಕು ಸಂಸಾರ. ಕಂಪ್ಯೂಟರಿನ ಬಣ್ಣಗಳನ್ನು ಪಿಸಿ 99 ಎಂಬ ಮಾರ್ಗಸೂಚಿಯಲ್ಲಿ ಮೈಕ್ರೋಸಾಫ್ಟ್‌ ಮತ್ತು ಇಂಟೆಲ್‌ ಗೊತ್ತುಮಾಡಿದವು: ಮೈಕ್‌ಗೆ ಗುಲಾಬಿ, ಹೊರಗಿನಿಂದ ಬರುವ ಸದ್ದಿಗೆ ತಿಳಿನೀಲಿ, ಕೀಬೋರ್ಡ್‌ಗೆ ನೇರಳೆ, ಮಾನಿಟರ್‌ನ ವಿಜಿಎ ತೂತಿಗೆ ನೀಲಿ. ಟಿವಿಯ ಬಣ್ಣಗಳಿಗೂ ಇವಕ್ಕೂ ಯಾವ ನಂಟೂ ಇಲ್ಲ.

ನಿಮಗೆ ಗೊತ್ತಿರುವ ಹಳದಿ-ಬಿಳಿ-ಕೆಂಪಿನಲ್ಲಿ ಹಳದಿ ಚಿತ್ರದ್ದು, ಬಿಳಿ ಎಡಕಿವಿಯದು, ಕೆಂಪು ಬಲಕಿವಿಯದು. ರೆಡ್‌, ರೈಟ್‌ ಎರಡೂ ‘ರ’ದಿಂದ ಶುರು ಎಂದು ನೆನಪಿಟ್ಟರೆ ಸಾಕು. ಇನ್ನೂ ಹಳೆಯ ಆಡಿಯೊ ಕೇಬಲ್‌ಗಳಲ್ಲಿ ಬಿಳಿಯ ಜಾಗದಲ್ಲಿ ಕಪ್ಪು ಇರುತ್ತದೆ, ಅದೂ ಎಡದ್ದೇ. ವಿಸಿಆರ್‌ನ ಹಿಂದೆ ಬರೀ ಹಳದಿ-ಬಿಳಿ ಇದ್ದು ಕೆಂಪು ಇಲ್ಲದಿದ್ದರೆ ಗಾಬರಿ ಬೇಡ. ಅದು ಮೋನೊ, ಒಂದೇ ಸದ್ದಿನ ಯಂತ್ರ. ಟಿವಿಯಲ್ಲಿ ಸದ್ದು ಎಡಗಡೆ ಮಾತ್ರ ಬಂದರೆ ಒಂದನ್ನು ಎರಡಾಗಿ ಸೀಳುವ ಪುಟ್ಟ ಕವಲು ಕೇಬಲ್‌ ಸಿಗುತ್ತದೆ. ಒಂದು ‘ಔಟ್‌’ ಅನ್ನು ಎರಡು ‘ಇನ್‌’ಗೆ ಹಂಚುವುದು ಸರಿ. ಎರಡು ‘ಔಟ್‌’ಗಳನ್ನು ಅದೇ ಕವಲಿನಿಂದ ಒಂದು ಮಾಡಲು ಹೋಗಬೇಡಿ, ಒಂದು ಯಂತ್ರ ಇನ್ನೊಂದರ ಮೇಲೆ ತಳ್ಳಾಟಕ್ಕಿಳಿಯುತ್ತದೆ.

ಹಳದಿಯ ವಿಷಯದಲ್ಲಿ ಒಂದು ಸೋಜಿಗವಿದೆ. ಬೆಳಕು-ನೆರಳು, ಬಣ್ಣ, ಚಿತ್ರ ಕಟ್ಟುವ ಅಡ್ಡ ಗೆರೆ ಎಲ್ಲಿ ಶುರುವಾಗಬೇಕೆಂಬ ಸೂಚನೆ, ಎಲ್ಲವೂ ಒಂದೇ ತಂತಿಯಲ್ಲಿ ಕಲಸಿಕೊಂಡು ಹೋಗುತ್ತವೆ. ಇದಕ್ಕೆ ಕಾಂಪೊಸಿಟ್‌ ಎಂದು ಹೆಸರು. ಕಪ್ಪು-ಬಿಳುಪು ಟಿವಿಗಳಿದ್ದ ಕಾಲಕ್ಕೆ ಬಣ್ಣ ಬಂದಾಗ ಹಳೆಯ ಸೆಟ್ಟುಗಳನ್ನು ಯಾರೂ ಎಸೆಯಬೇಕಾಗಬಾರದು ಎಂದು ಬಣ್ಣದ ಮಾಹಿತಿಯನ್ನು ಅದೇ ಅಲೆಯ ಮೇಲೆ, ಮೇಲಿನ ಆವರ್ತನದಲ್ಲಿ ಕೂರಿಸಿದರು. ನಮ್ಮ ದೇಶದ ಟಿವಿಯ ಪಾಲ್‌ ಪದ್ಧತಿಯಲ್ಲಿ ಅದು 4.43 ಮೆಗಾಹರ್ಟ್ಸ್‌ನಲ್ಲಿ, ಅಮೆರಿಕದ ಎನ್‌ಟಿಎಸ್‌ಸಿಯಲ್ಲಿ 3.58ರಲ್ಲಿ. ಒಮ್ಮೆ ಕಲಸಿದ್ದನ್ನು ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ಹಳೆಯ ಕಾರ್ಯಕ್ರಮಗಳಲ್ಲಿ ಸಣ್ಣ ಗೀರಿನ ಅಂಗಿ ತೊಟ್ಟವರ ಮೈಮೇಲೆ ಕಾಮನಬಿಲ್ಲು ಹರಿದಾಡುತ್ತಿತ್ತಲ್ಲ, ಅದು ಈ ಕಲಬೆರಕೆಯ ಫಲ. ಅಂಗಿಯ ಗೆರೆಗಳನ್ನೇ ಟಿವಿ ಬಣ್ಣವೆಂದು ತಿಳಿದುಕೊಳ್ಳುತ್ತಿತ್ತು.

ನಿಮ್ಮ ಐದು ತುದಿಯ ಕೇಬಲ್‌ ಈ ಕಲಬೆರಕೆಯನ್ನು ತಪ್ಪಿಸಲು ಬಂದದ್ದು. ಹಸಿರು, ನೀಲಿ, ಒಂದು ಕೆಂಪು, ಈ ಮೂರೂ ಸೇರಿ ಒಂದು ಚಿತ್ರ. ಉಳಿದ ಬಿಳಿ ಮತ್ತು ಇನ್ನೊಂದು ಕೆಂಪು ಮಾಮೂಲಿ ಎಡ-ಬಲದ ಸದ್ದು. ಇದಕ್ಕೆ ಕಾಂಪೊನೆಂಟ್‌ ಎನ್ನುತ್ತಾರೆ. ಕಾಂಪೊಸಿಟ್‌, ಕಾಂಪೊನೆಂಟ್‌ ಎಂದು ಎರಡಕ್ಕೂ ಅವಳಿ ಹೆಸರಿಟ್ಟವರಿಗೆ ಮುಂದೆ ಜನ ಪಡುವ ಪಾಡು ಹೊಳೆದಿರಲಿಲ್ಲ ಅಂತ ಕಾಣುತ್ತದೆ.

ಹಸಿರು ತುದಿಯಲ್ಲಿ ಹಸಿರು ಬಣ್ಣ ಹೋಗುತ್ತದೆ, ನೀಲಿಯಲ್ಲಿ ನೀಲಿ, ಕೆಂಪಿನಲ್ಲಿ ಕೆಂಪು ಎಂದು ಅನ್ನಿಸುವುದು ಸಹಜ. ಹಾಗಲ್ಲ. ಹಸಿರಿನಲ್ಲಿ ಹೋಗುವುದು ಇಡೀ ಚಿತ್ರದ ಕಪ್ಪು-ಬಿಳುಪು ರೂಪ, ಜೊತೆಗೆ ಗೆರೆಗಳನ್ನು ಸಾಲಾಗಿ ನಿಲ್ಲಿಸುವ ಸೂಚನೆ. ತೂತಿನ ಪಕ್ಕ ‘ವೈ’ ಎಂದು ಬರೆದಿರುವುದು ಅದಕ್ಕೆ. ನೀಲಿ ಮತ್ತು ಕೆಂಪು ತುದಿಗಳಲ್ಲಿ ಹೋಗುವುದು ಆಯಾ ಬಣ್ಣ ಆ ಬೆಳಕಿಗಿಂತ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬ ವ್ಯತ್ಯಾಸ ಮಾತ್ರ. ಹಸಿರನ್ನು ಬೇರೆಯಾಗಿ ಕಳಿಸುವುದೇ ಇಲ್ಲ, ಮೂರನ್ನೂ ಇಟ್ಟುಕೊಂಡು ಟಿವಿ ಲೆಕ್ಕ ಹಾಕಿ ತೆಗೆಯುತ್ತದೆ. ನಮ್ಮ ಕಣ್ಣಿಗೆ ಬೆಳಕೆಂದು ಅನ್ನಿಸುವುದರಲ್ಲಿ ಸುಮಾರು 59 ಪಾಲು ಹಸಿರು, 30 ಪಾಲು ಕೆಂಪು, 11 ಪಾಲು ನೀಲಿ ಎಂಬ ಹಂಚಿಕೆಯ ಮೇಲೆ ಈ ಲೆಕ್ಕ ನಿಂತಿದೆ.

ನಂಬಿಕೆ ಬಾರದಿದ್ದರೆ ಡಿವಿಡಿ ಪ್ಲೇಯರ್‌ ಒಂದರಿಂದ ಹಸಿರು ತುದಿಯೊಂದನ್ನೇ ಟಿವಿಗೆ ಚುಚ್ಚಿ ನೋಡಿ. ಪರದೆ ತುಂಬ ಸ್ಪಷ್ಟವಾದ ಕಪ್ಪು-ಬಿಳುಪು ಚಿತ್ರ ಬರುತ್ತದೆ, ಹಳೆಯ ಸಿನಿಮಾದಂತೆ. ಈಗ ನೀಲಿ ಚುಚ್ಚಿ: ಆಕಾಶಕ್ಕೆ ಬಣ್ಣ ಬರುತ್ತದೆ, ಮುಖಗಳು ಮಾತ್ರ ಕಾಮಾಲೆ ಬಂದವರಂತೆ ಹಸಿರು ಮಿಶ್ರಿತ ಹಳದಿ. ಕೆಂಪು ಚುಚ್ಚಿದೊಡನೆ ಮುಖಕ್ಕೆ ರಕ್ತ ಹರಿದಂತಾಗುತ್ತದೆ. ನೀಲಿ-ಕೆಂಪು ಅದಲುಬದಲಾದರೆ ಮುಖಗಳು ನೀಲಿಗಟ್ಟುತ್ತವೆ. ಹಸಿರನ್ನು ಕಿತ್ತು ಉಳಿದೆರಡನ್ನೇ ಬಿಟ್ಟರೆ ಏನೂ ಇಲ್ಲ, ‘ಸಿಗ್ನಲ್‌ ಇಲ್ಲ’ ಎಂಬ ಬರಹ ಮಾತ್ರ. ಈ ಲಕ್ಷಣಗಳು ಗೊತ್ತಿದ್ದರೆ ಟಿವಿಯ ಹಿಂದೆ ಬಗ್ಗಿ ನೋಡದೆಯೇ ಯಾವ ತುದಿ ಸಡಿಲವಾಗಿದೆ ಎಂದು ಹೇಳಬಹುದು.

ಹಾಗಾದರೆ ಎರಡು ಕೆಂಪಿನಲ್ಲಿ ಯಾವುದು ಯಾರದು? ಕೇಬಲ್ಲನ್ನು ಕೈಯಲ್ಲಿ ಹಿಡಿದು ತುದಿಯಿಂದ ಒಂದು ಗೇಣು ಹಿಂದಕ್ಕೆ ಸವರಿಕೊಂಡು ಹೋಗಿ. ಸಾಮಾನ್ಯವಾಗಿ ಹಸಿರು-ನೀಲಿ-ಕೆಂಪಿನ ಮೂರು ಎಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ತುಸು ದಪ್ಪ ಕೂಡ. ಬಿಳಿಯ ಜೊತೆ ಅಂಟಿಕೊಂಡ ತೆಳು ಕೆಂಪು ಸದ್ದಿನದು. ಐದೂ ಒಂದೇ ದಪ್ಪ, ಒಂದೇ ಕೊಳವೆಯೊಳಗಿದ್ದರೆ ಆಗ ನನ್ನ ಉಪಾಯ ಸುಲಭ. ಒಂದು ಕೆಂಪನ್ನು ಆರಿಸಿ, ಅದರ ಈ ತುದಿಗೂ ಆ ತುದಿಗೂ ಬಿಳಿ ಟೇಪು ಸುತ್ತಿಬಿಡಿ. ಈ ತುದಿಗೆ ಆ ತುದಿ ಯಾವುದು ಎಂದು ತಂತಿ ಪರೀಕ್ಷಿಸುವ ಮಲ್ಟಿಮೀಟರ್‌ ‘ಬೀಪ್‌’ ಎಂದು ಹೇಳುತ್ತದೆ. ಇನ್ನು ಮುಂದೆ ಟೇಪು ಸುತ್ತಿದ್ದು ಸದ್ದಿಗೆ, ಸುತ್ತದ್ದು ಚಿತ್ರಕ್ಕೆ. ಹೀಗೆ ನಾವೇ ನಿರ್ಧರಿಸಬಹುದು, ಏಕೆಂದರೆ ಒಳಗಿನ ತಂತಿ ಎರಡರಲ್ಲೂ ಒಂದೇ ಜಾತಿಯದು. ಮೀಟರ್‌ ಇಲ್ಲದಿದ್ದರೆ ವಾಲ್ಯೂಮ್‌ ಇಳಿಸಿ ಊಹೆಯ ಮೇಲೆ ಚುಚ್ಚಿ. ಬಲಗಡೆ ಸ್ಪೀಕರ್‌ ಗೊರಗುಟ್ಟಿ, ಚಿತ್ರದಲ್ಲಿ ಕೆಂಪು ಸತ್ತಿದ್ದರೆ ಎರಡನ್ನೂ ಅದಲುಬದಲು ಮಾಡಿದರಾಯಿತು.

ಬಣ್ಣವೆಂದರೆ ಪಿನ್ನಿನ ಪ್ಲಾಸ್ಟಿಕ್ಕಿಗೆ ಹಾಕಿದ ಗುರುತು, ಅಷ್ಟೇ. ತಂತಿಯ ಗುಣವನ್ನು ಅದು ಹೇಳುವುದಿಲ್ಲ. ಹಳದಿ-ಬಿಳಿ-ಕೆಂಪಿನ ಕೇಬಲ್ಲನ್ನು ಹಸಿರು-ನೀಲಿ-ಕೆಂಪಿನ ತೂತುಗಳಿಗೆ ಹಾಕಿ ಕಾಂಪೊನೆಂಟ್‌ ಚಿತ್ರ ನೋಡಬಹುದು, ಎರಡೂ ಕಡೆ ಒಂದೇ ಕ್ರಮ ಪಾಲಿಸಿದರೆ ಸಾಕು. ಆದರೂ ಒಳ್ಳೆಯ ಕೇಬಲ್‌ಗಳಲ್ಲಿ ಚಿತ್ರದ ಎಳೆಯನ್ನು 75 ಓಮ್‌ ತಂತಿಯಿಂದ ಮಾಡಿರುತ್ತಾರೆ, ಸದ್ದಿನ ಎಳೆಗಳು ತೆಳ್ಳಗಿರುತ್ತವೆ. ಒಂದೆರಡು ಮೀಟರಿಗೆ ಯಾವುದೂ ನಡೆಯುತ್ತದೆ. ಐದಾರು ಮೀಟರಿಗೆ ಸದ್ದಿನ ತಂತಿಯಲ್ಲಿ ಚಿತ್ರ ಕಳಿಸಿದರೆ ಅಂಚುಗಳ ಪಕ್ಕದಲ್ಲಿ ನೆರಳು ಮೂಡಬಹುದು. ಕೊಳವೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಅಚ್ಚೊತ್ತಿರುತ್ತದೆ. ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಓದಲು ಬರುತ್ತದೆ. ‘75 ಓಮ್‌’, ‘ಆರ್‌ಜಿ-59’, ‘ಆರ್‌ಜಿ-6’ ಎಂದಿದ್ದರೆ ಚಿತ್ರಕ್ಕೆ ತಕ್ಕ ತಂತಿ. ಅಂದಹಾಗೆ, ಆ 75 ಓಮ್‌ ಅನ್ನು ಮಲ್ಟಿಮೀಟರ್‌ ಹಿಡಿದು ಅಳೆಯಲು ಹೋಗಬೇಡಿ. ಅದು ಓಡುವ ಅಲೆಗೆ ತಂತಿ ತೋರುವ ಗುಣ, ನಿಂತ ಕರೆಂಟಿಗಲ್ಲ. ಮೀಟರ್‌ ತೋರಿಸುವುದು ಸೊನ್ನೆಯ ಹತ್ತಿರದ ಅಂಕಿ. ‘ಕೇಬಲ್‌ ನಕಲಿ’ ಎಂದು ಮೀಟರ್‌ ಸಮೇತ ಜಗಳಕ್ಕೆ ಬಂದವರನ್ನು ನಾನು ಸಮಾಧಾನ ಮಾಡಿ ಕಳಿಸಿದ್ದುಂಟು.

ಒಂಟಿ ಕಿತ್ತಳೆಯದು ಡಿಜಿಟಲ್‌ ಸದ್ದಿಗೆ. ಸೋನಿ ಮತ್ತು ಫಿಲಿಪ್ಸ್‌ ಸೇರಿ ರೂಪಿಸಿದ ಪದ್ಧತಿ. ಎಡ-ಬಲ ಎರಡೂ ಸೊನ್ನೆ-ಒಂದುಗಳಾಗಿ ಒಂದೇ ತಂತಿಯಲ್ಲಿ ಹೋಗುತ್ತವೆ, ಹಾಗಾಗಿ ಅದಕ್ಕೆ ಜೋಡಿ ಬೇಕಿಲ್ಲ. ಆಂಪ್ಲಿಫೈಯರ್‌ನಲ್ಲಿ ‘ಕೊಆಕ್ಸಿಯಲ್‌’ ಅಥವಾ ‘ಡಿಜಿಟಲ್‌ ಇನ್‌’ ಎಂದು ಬರೆದ ತೂತಿಗೆ ಮಾತ್ರ ಅರ್ಥವಾಗುತ್ತದೆ. ಅದನ್ನು ಬಿಳಿ ತೂತಿಗೆ ಹಾಕಿದರೆ ಮಾತೂ ಇಲ್ಲ, ಹಾಡೂ ಇಲ್ಲ. ತಂತಿ ಮಾತ್ರ ಹಳದಿಯಂಥದೇ 75 ಓಮ್‌, ಆದ್ದರಿಂದ ನಿಮಗೆ ಬೇಕಿರುವ ಹಳದಿ ಕೇಬಲ್‌ ಕೆಟ್ಟಿದ್ದರೆ ಈ ಕಿತ್ತಳೆಯನ್ನು ನಿಶ್ಚಿಂತೆಯಿಂದ ಅದರ ಜಾಗಕ್ಕೆ ಹಾಕಿ. ಇದರ ದಾಯಾದಿ ಒಬ್ಬನಿದ್ದಾನೆ: ತುದಿ ಚೌಕ, ಎರಡು ಮೂಲೆ ಕತ್ತರಿಸಿದಂತೆ, ಮೇಲೊಂದು ಪುಟ್ಟ ಪ್ಲಾಸ್ಟಿಕ್‌ ಟೋಪಿ. ಅದರೊಳಗೆ ತಾಮ್ರವೇ ಇಲ್ಲ, ಕೆಂಪು ಬೆಳಕು ಹೋಗುತ್ತದೆ. 1983ರಲ್ಲಿ ತೋಷಿಬಾ ತಂದ ಆಪ್ಟಿಕಲ್‌ ಕೇಬಲ್‌ ಅದು. ಗಂಟು ಹಾಕಿ, ಮಡಚಿ ಇಟ್ಟಿದ್ದರೆ ಒಳಗಿನ ಎಳೆ ಮುರಿದಿರುವ ಸಾಧ್ಯತೆ ಹೆಚ್ಚು. ಒಂದು ತುದಿಯನ್ನು ದೀಪಕ್ಕೆ ಹಿಡಿದು ಇನ್ನೊಂದು ತುದಿಯಲ್ಲಿ ಬೆಳಕಿನ ಚುಕ್ಕೆ ಕಾಣುತ್ತದೆಯೇ ನೋಡಿ.

ಕಪ್ಪು ಗುಂಡು ತುದಿಗೆ ಬಣ್ಣದ ಸಹಾಯವಿಲ್ಲ, ಸೂಜಿ ಎಣಿಸಬೇಕು. ನಾಲ್ಕು ಸೂಜಿ, ಜೊತೆಗೆ ಒಂದು ಚಪ್ಪಟೆ ಪ್ಲಾಸ್ಟಿಕ್‌ ತುಂಡು ಇದ್ದರೆ ಎಸ್‌-ವಿಡಿಯೊ. ಇದು ಹಳದಿಗೂ ಮೂರು ಬಣ್ಣಕ್ಕೂ ನಡುವಿನದು: ಬೆಳಕು ಒಂದು ಜೋಡಿ ತಂತಿಯಲ್ಲಿ, ಬಣ್ಣ ಇನ್ನೊಂದು ಜೋಡಿಯಲ್ಲಿ. ಸದ್ದು ಇದರಲ್ಲಿ ಹೋಗುವುದಿಲ್ಲ, ಬಿಳಿ-ಕೆಂಪು ಬೇರೆ ಬೇಕು. ಆರು ಸೂಜಿ ಇದ್ದರೆ ಅದು ಕೀಬೋರ್ಡು ಅಥವಾ ಮೌಸಿನದು. ಎರಡರ ಹೊರಬಳೆಯ ಅಳತೆ ಒಂದೇ, 9.5 ಮಿಲಿಮೀಟರ್‌. ಅದಕ್ಕೇ ಜನ ಒತ್ತಿ ತುರುಕಿ ಸೂಜಿ ಬಗ್ಗಿಸುತ್ತಾರೆ. ಇನ್ನೂ ದಪ್ಪ, ಹೆಬ್ಬೆರಳಿನಷ್ಟು ಗಾತ್ರದ ಬಳೆಯೊಳಗೆ ಅರ್ಧವೃತ್ತವಾಗಿ ಐದು ಸೂಜಿ ಇದ್ದರೆ ಅದು ಹಳೆಯ ಡಿನ್‌ ಪ್ಲಗ್‌. ಯುರೋಪಿನ ಟೇಪ್‌ ರೆಕಾರ್ಡರ್‌ಗಳಲ್ಲಿ ಸದ್ದು ಬರುವುದೂ ಹೋಗುವುದೂ ಆ ಒಂದೇ ಪ್ಲಗ್ಗಿನಲ್ಲಿ. ವಿದ್ಯುತ್‌ ಕೀಬೋರ್ಡ್‌ ವಾದ್ಯಗಳ ಮಿಡಿ ಕೇಬಲ್ಲಿಗೂ ಅದೇ ಆಕಾರ.

ಬಗ್ಗಿದ ಸೂಜಿ ಕಂಡರೆ ಪೆನ್ಸಿಲ್‌ ಸೀಸ ತೆಗೆದ ಮೆಕ್ಯಾನಿಕಲ್‌ ಪೆನ್ಸಿಲ್ಲಿನ ಮೂತಿಯನ್ನು ಅದರ ಮೇಲೆ ಕೂರಿಸಿ ಮೆಲ್ಲಗೆ ನೇರ ಮಾಡಬಹುದು. ಮೂರು ಸಾಲಿನಲ್ಲಿ 15 ಜಾಗವಿರುವ ನೀಲಿ ವಿಜಿಎ ಪ್ಲಗ್ಗಿನಲ್ಲಿ ಒಂದು ಸೂಜಿ ಇಲ್ಲವೆಂದು ಅದನ್ನು ಬಿಸಾಡಬೇಡಿ. ನಡುಸಾಲಿನ 9ನೆಯದನ್ನು ಎಷ್ಟೋ ಕೇಬಲ್‌ಗಳಲ್ಲಿ ಹಾಕುವುದೇ ಇಲ್ಲ.

ಇನ್ನು ಇಯರ್‌ಫೋನ್‌ ಪಿನ್ನಿನಿಂದ ಮೂರು ಬಣ್ಣಕ್ಕೆ ಕವಲೊಡೆಯುವ ಕೇಬಲ್‌. ಪೆಟ್ಟಿಗೆಯಲ್ಲಿ ನಂಬಿಕೆಗೆ ಅರ್ಹವಲ್ಲದ್ದು ಇದೊಂದೇ. ಪಿನ್ನನ್ನು ಕಣ್ಣಿನ ಹತ್ತಿರ ತನ್ನಿ. ಚಿನ್ನದ ಅಥವಾ ಬೆಳ್ಳಿ ಬಣ್ಣದ ದೇಹದ ಮೇಲೆ ಮೂರು ಕಪ್ಪು ಗೆರೆಗಳಿವೆಯೇ? ಆ ಗೆರೆಗಳು ಪಿನ್ನನ್ನು ನಾಲ್ಕು ಭಾಗ ಮಾಡುತ್ತವೆ: ಎಡ, ಬಲ, ಚಿತ್ರ, ಮತ್ತು ಎಲ್ಲಕ್ಕೂ ಸೇರಿದ ಗ್ರೌಂಡ್‌. ಯಾವ ಭಾಗ ಯಾವುದಕ್ಕೆ ಎಂಬುದರಲ್ಲಿ ತಯಾರಕರು ಒಮ್ಮತಕ್ಕೆ ಬರಲೇ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ತುದಿಯಿಂದ ಬುಡಕ್ಕೆ ಎಡ, ಬಲ, ಗ್ರೌಂಡ್‌, ಚಿತ್ರ ಎಂಬ ಕ್ರಮ. ಬೇರೆ ಕೆಲವು ಕ್ಯಾಮೆರಾ, ಪ್ಲೇಯರ್‌ಗಳಲ್ಲಿ ಚಿತ್ರ ನಡುವೆ, ಗ್ರೌಂಡ್‌ ಬುಡದಲ್ಲಿ. ಅಂದರೆ ಒಂದರ ಕೇಬಲ್ಲನ್ನು ಇನ್ನೊಂದಕ್ಕೆ ಹಾಕಿದಾಗ ಹಳದಿ ಎಂದು ಬಣ್ಣ ಬಳಿದ ತುದಿಯಲ್ಲಿ ಸದ್ದು ಬರಬಹುದು, ಕೆಂಪಿನಲ್ಲಿ ಚಿತ್ರ ಬರಬಹುದು.

ನನಗೇ ಇದು ಪಾಠ ಕಲಿಸಿದೆ. ಸಂಬಂಧಿಕರ ಮದುವೆಯ ಟೇಪು ಹೊರತೆಗೆಯಲು ಕ್ಯಾಮ್‌ಕಾರ್ಡರ್‌ಗೆ ಇಂಥದೇ ಕೇಬಲ್‌ ಹಾಕಿ, ಚಿತ್ರ ಬರದೆ, ಕ್ಯಾಮ್‌ಕಾರ್ಡರ್‌ ಬಿಚ್ಚಿ ಅರ್ಧ ದಿನ ಕೂತಿದ್ದೆ. ಪಕ್ಕದಲ್ಲಿ ನೋಡುತ್ತಿದ್ದ ಹುಡುಗ ‘ಅಂಕಲ್‌, ಕೆಂಪನ್ನ ಹಳದಿಗೆ ಹಾಕಿ ನೋಡಿ’ ಎಂದ. ಹಾಕಿದೆ. ಮಂಟಪ, ಹೂವು, ಮದುಮಗಳು ಎಲ್ಲ ಪರದೆಯ ಮೇಲೆ ಹಾಜರು. ಹಾಗಾಗಿ ಈ ಕೇಬಲ್‌ ಕೈಗೆ ಬಂದರೆ ಮೂರು ತುದಿಯನ್ನೂ ಟಿವಿಯ ಹಳದಿ ತೂತಿಗೆ ಒಂದೊಂದಾಗಿ ಹಾಕಿ ನೋಡಿ. ಒಂದರಲ್ಲಿ ಚಿತ್ರ ಬಂದರೆ ಉಳಿದೆರಡು ಸದ್ದು. ಮೂರರಲ್ಲೂ ಬರೀ ಗೊರಗೊರ, ಓಡುವ ಗೆರೆಗಳು ಎಂದಾದರೆ ಗ್ರೌಂಡೇ ತಪ್ಪಿದೆ, ಬಣ್ಣ ಬದಲಿಸಿ ಪ್ರಯೋಜನವಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಯಾವುದೇ ಬಣ್ಣದ ಪಿನ್ನಿನ ಹೊರಬಳೆಗೆ, ಇನ್ನೊಂದನ್ನು ಆ ನಾಲ್ಕು ಭಾಗಗಳಿಗೆ ಸರದಿಯಂತೆ ತಾಗಿಸಿದರೆ ಗ್ರೌಂಡ್‌ ಎಲ್ಲಿದೆ ಎಂದು ಖಚಿತವಾಗುತ್ತದೆ.

ಈಗ ನಿಮ್ಮ ಟಿವಿ. ಹಳದಿ ಇಲ್ಲ ಎಂದಿರಿ. ಹಸಿರು ತೂತು ಇದ್ದರೆ ಅದರ ಸುತ್ತಲಿನ ಬಣ್ಣವನ್ನು ಟಾರ್ಚು ಬಿಟ್ಟು ನೋಡಿ. ಅರ್ಧ ಹಸಿರು, ಅರ್ಧ ಹಳದಿ ಇರಬಹುದು, ಅಥವಾ ಪಕ್ಕದಲ್ಲಿ ‘ವೈ/ವಿಡಿಯೊ’ ಎಂದು ಬರೆದಿರಬಹುದು. ಜಾಗ ಉಳಿಸಲು ಎರಡು ಕೆಲಸಕ್ಕೆ ಒಂದೇ ತೂತು ಕೊಡುವುದು ಹೊಸ ಟಿವಿಗಳ ವಾಡಿಕೆ. ವಿಸಿಆರ್‌ನ ಹಳದಿ ‘ಔಟ್‌’ನಿಂದ ಬಂದದ್ದನ್ನು ಈ ಹಸಿರಿಗೆ, ಬಿಳಿಯನ್ನು ಬಿಳಿಗೆ, ಕೆಂಪನ್ನು ಸದ್ದಿನ ಕೆಂಪಿಗೆ ಹಾಕಿ. ಆಮೇಲೆ ರಿಮೋಟಿನಲ್ಲಿ ಇನ್‌ಪುಟ್‌ ಆರಿಸುವಾಗ ‘ಎವಿ’ ಅಥವಾ ‘ಕಾಂಪೊಸಿಟ್‌’ ಎಂಬುದನ್ನೇ ಆರಿಸಿ. ‘ಕಾಂಪೊನೆಂಟ್‌’ ಆರಿಸಿದರೆ ಚಿತ್ರ ಕಪ್ಪು-ಬಿಳುಪಾಗಿ ಬರುತ್ತದೆ, ಹತ್ತಿರ ಹೋಗಿ ನೋಡಿದರೆ ಅದರ ಮೇಲೆ ಸಾಸಿವೆಯಂಥ ಚುಕ್ಕೆಗಳು ಹರಿದಾಡುತ್ತವೆ. ಆ ಚುಕ್ಕೆಗಳೇ ಟಿವಿಗೆ ಅರ್ಥವಾಗದೆ ಉಳಿದ ಬಣ್ಣ. ‘ಎವಿ’ ಆರಿಸಿಯೂ ಕಪ್ಪು-ಬಿಳುಪೇ ಇದ್ದರೆ ಕ್ಯಾಸೆಟ್‌ ಬೇರೆ ದೇಶದಲ್ಲಿ ಮಾಡಿದ್ದಿರಬಹುದು. ಮೆನುವಿನಲ್ಲಿ ಪಾಲ್‌, ಎನ್‌ಟಿಎಸ್‌ಸಿ ಆಯ್ಕೆಯನ್ನು ‘ಆಟೊ’ಗೆ ಬಿಡಿ.

ಬಣ್ಣದ ತೂತುಗಳೇ ಇಲ್ಲದೆ ‘ಎವಿ ಇನ್‌’ ಎಂದು ಬರೆದ ಇಯರ್‌ಫೋನ್‌ ಗಾತ್ರದ ತೂತಿದ್ದರೆ ಟಿವಿಯ ಪೆಟ್ಟಿಗೆಯಲ್ಲೇ ಅದರ ಪುಟ್ಟ ಕವಲು ಕೇಬಲ್‌ ಬಂದಿರಬಹುದು, ಹುಡುಕಿ. ಬರೀ ಎಚ್‌ಡಿಎಂಐ ಇದ್ದರೆ ಒಂದು ಪರಿವರ್ತಕ ಡಬ್ಬಿ ಬೇಕು. ಇಲ್ಲಿ ಎರಡು ಮೋಸವಿದೆ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಮೂರು ಬಣ್ಣದ ಪಿನ್‌ ಇರುವ ಬರೀ ಕೇಬಲ್‌ ಮಾರುತ್ತಾರೆ, ನಡುವೆ ಡಬ್ಬಿ ಇಲ್ಲ, ಕರೆಂಟು ಇಲ್ಲ. ಒಂದು ಡಿಜಿಟಲ್‌, ಇನ್ನೊಂದು ಅನಲಾಗ್‌. ನಡುವೆ ಭಾಷಾಂತರ ಮಾಡುವ ಚಿಪ್‌ ಇಲ್ಲದೆ ಅದು ಕೆಲಸ ಮಾಡುವುದಿಲ್ಲ. ಎರಡನೆಯದು ಡಬ್ಬಿಯ ದಿಕ್ಕು. ‘ಎವಿಯಿಂದ ಎಚ್‌ಡಿಎಂಐ’ ಮತ್ತು ‘ಎಚ್‌ಡಿಎಂಐಯಿಂದ ಎವಿ’ ನೋಡಲು ಅವಳಿ ಮಕ್ಕಳಂತಿರುತ್ತವೆ, ಕೆಲಸ ತದ್ವಿರುದ್ಧ. ನಿಮಗೆ ಬೇಕಿರುವುದು ಮೊದಲನೆಯದು. ಅದರ ಬಣ್ಣದ ತೂತುಗಳ ಪಕ್ಕ ‘ಇನ್‌’ ಎಂದಿರಬೇಕು.

ಕ್ಯಾಸೆಟ್‌ ಹಾಕುವ ಮೊದಲು ಅದರ ಕಿಟಕಿಯಿಂದ ಟೇಪಿನ ಸುರುಳಿಯನ್ನು ನೋಡಿ. ಬಿಳಿ ಪುಡಿ, ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಬೇಡಿ, ಹೆಡ್‌ಗೆ ಅಂಟಿ ಮುಂದಿನ ಕ್ಯಾಸೆಟ್‌ಗಳಿಗೂ ಹರಡುತ್ತದೆ. ಚೆನ್ನಾಗಿದ್ದರೆ, ನೋಡುವಾಗಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಯುಎಸ್‌ಬಿಗೆ ಚುಚ್ಚುವ ಕ್ಯಾಪ್ಚರ್‌ ಸಾಧನಕ್ಕೂ ಇದೇ ಹಳದಿ-ಬಿಳಿ-ಕೆಂಪು ಸಾಕು. ಪಿನ್‌ ಕಪ್ಪಾಗಿ ಅಥವಾ ಹಸಿರು ಕಿಲುಬು ಹಿಡಿದಿದ್ದರೆ ಐಸೊಪ್ರೊಪೈಲ್‌ ಆಲ್ಕೊಹಾಲ್‌ ಅದ್ದಿದ ಹತ್ತಿಯಿಂದ ಒರೆಸಿ. ಹೊರಬಳೆ ಸಡಿಲವಾಗಿದ್ದರೆ ಇಕ್ಕಳದಿಂದ ಒಂದಿಷ್ಟೇ ಒತ್ತಿ. ತೆಗೆಯುವಾಗ ತಂತಿ ಎಳೆಯದೆ ಪಿನ್ನಿನ ತಲೆ ಹಿಡಿದು ತಿರುಗಿಸುತ್ತ ತೆಗೆಯಿರಿ.

ಇಟ್ಟುಕೊಳ್ಳುವ ವಿಷಯ. ಹಳದಿ-ಬಿಳಿ-ಕೆಂಪು ಎರಡು ಜೊತೆ ಸಾಕು, ಕಿತ್ತಳೆ ಒಂದು ಇರಲಿ. ಐದು ತುದಿಯದನ್ನು ಹಳೆಯ ಡಿವಿಡಿ ಪ್ಲೇಯರ್‌ ಅಥವಾ ಗೇಮ್‌ ಯಂತ್ರ ಇದ್ದರೆ ಇಟ್ಟುಕೊಳ್ಳಿ. ಬಿಳಿ-ಕೆಂಪಿನ ಜೊತೆ ತುದಿಯಲ್ಲಿ ಸಣ್ಣ ಕವೆಯಿರುವ ಮೂರನೆಯ ತೆಳು ತಂತಿ ಕಂಡರೆ ಅದು ಗ್ರಾಮಫೋನ್‌ ತಟ್ಟೆಯದು. ಆ ಕವೆಯನ್ನು ಆಂಪ್ಲಿಫೈಯರ್‌ನ ಗ್ರೌಂಡ್‌ ತಿರುಪಿಗೆ ಕಟ್ಟದಿದ್ದರೆ ಹಾಡಿನ ಕೆಳಗೆ ಗುಂಯ್‌ ಎನ್ನುತ್ತಲೇ ಇರುತ್ತದೆ, ಆದ್ದರಿಂದ ವ್ಯರ್ಥ ತಂತಿ ಎಂದು ಕತ್ತರಿಸಬೇಡಿ. ಎಲ್ಲಕ್ಕಿಂತ ಜೋಪಾನ ಮಾಡಬೇಕಾದದ್ದು ಒಂದು ಕಡೆ ಬಣ್ಣದ ಪಿನ್‌, ಇನ್ನೊಂದು ಕಡೆ ಎಲ್ಲೂ ಕಾಣದ ವಿಚಿತ್ರ ಚಪ್ಪಟೆ ತುದಿ ಇರುವ ಕೇಬಲ್‌. ಅದು ಯಾವುದೋ ಒಂದು ಕ್ಯಾಮೆರಾ ಅಥವಾ ಗೇಮ್‌ ಯಂತ್ರಕ್ಕೆಂದೇ ಮಾಡಿದ್ದು, ಮತ್ತೆ ಸಿಗುವುದು ಕಷ್ಟ. ಅದರ ಜೋಡಿ ಯಂತ್ರ ಮನೆಯ ಯಾವುದಾದರೂ ಕಪಾಟಿನಲ್ಲಿ ಉಳಿದಿದೆಯೇ ಎಂದು ಹುಡುಕಿ, ಸಿಕ್ಕರೆ ಎರಡನ್ನೂ ಒಂದೇ ಚೀಲದಲ್ಲಿ ಹಾಕಿಡಿ. ಉಳಿದದ್ದನ್ನು ಇ-ತ್ಯಾಜ್ಯಕ್ಕೆ ಕೊಡಬಹುದು.